ಕುದುರೆ ಮರಿಗೆ ದರ್ಜಿಯ ಪಾಠ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಎಲ್ಲರಿಗೂ ಗೊತ್ತು. ದರ್ಜಿಗೂ ಗೊತ್ತಿತ್ತು. ಆದರೂ ಆ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತ ತಿನ್ನುತ್ತ, ಅಣ್ಣನ ಎದುರಿಗೆ, ಅತ್ತಿಗೆಯ ಸಾಕ್ಷಿಯಲ್ಲಿ ಅವನು ಬಾಯಿ ಬಿಟ್ಟ.

ಅವನ ಅಣ್ಣನದು ಸಾರೋಟು ಓಡಿಸುವ ಕೆಲಸ. ಜನರನ್ನು ಕೂರಿಸಿಕೊಂಡು ಕೆರೆಯ ಸುತ್ತ ಒಂದು ಸುತ್ತು ಹಾಕಿಸಿ ತಂದು ಬಿಡುತ್ತಿದ್ದ. ಆ ಸಾರೋಟು ಎಳೆಯುವ ಕಂದು ಕುದುರೆ ಐದು ತಿಂಗಳ ಹಿಂದೆ ಒಂದು ಮರಿ ಹಾಕಿತ್ತು. ಮರಿಗೆ ಹಣೆಯ ಮೇಲೆ ಬಿಳಿ ಚುಕ್ಕೆ, ಮೈಗೆ ಹೊಂದದಷ್ಟು ಉದ್ದನೆಯ ಕಾಲುಗಳು. ಎಂಥೆಂಥ ಪುಂಡ ಕುದುರೆಗಳನ್ನೋ ಪಳಗಿಸಿದ ಅಣ್ಣ ಈ ಮರಿಯ ಮುಂದೆ ಮಾತ್ರ ಬೆಣ್ಣೆಯಾಗಿಬಿಡುತ್ತಿದ್ದ. ಹಗ್ಗ ಕಟ್ಟಿ ನಡೆಸಲು ಹೋದರೆ ಅದು ಒಮ್ಮೆ ಕಣ್ಣರಳಿಸಿ ನೋಡುತ್ತಿತ್ತು. ಅಣ್ಣ ಹಗ್ಗ ಬಿಚ್ಚಿ ಅದರ ಕುತ್ತಿಗೆ ಕೆರೆಯುತ್ತ ನಿಲ್ಲುತ್ತಿದ್ದ. ಹೀಗೆ ಎರಡು ವಾರ ಕಳೆದಿತ್ತು. ಅದಕ್ಕೆ ಹಾಲು ಬಿಡಿಸುವ ಕಾಲವೂ ಅದೇ. ರಾತ್ರಿ ಹಿತ್ತಲಲ್ಲಿ ನಡುವೆ ಅಡ್ಡಬಿದಿರುಗಳನ್ನು ಹಾಕಿ ತಾಯಿಯನ್ನು ಒಂದು ಕಡೆ ಕಟ್ಟಿ, ಮರಿಯನ್ನು ಇನ್ನೊಂದು ಕಡೆ ಬಿಡುತ್ತಿದ್ದರು. ತಾಯಿ ಕಣ್ಣಿಗೆ ಕಾಣುತ್ತಾಳೆ, ಹತ್ತಿರ ಬಿಡುವುದಿಲ್ಲ ಎಂದರೆ ಯಾವ ಮಗು ಸುಮ್ಮನಿದ್ದೀತು? ಮರಿ ರಾತ್ರಿಯಿಡೀ ಕೆನೆಯುತ್ತಿತ್ತು. ಇಡೀ ಬೀದಿಯ ಕಣ್ಣು ಕೆಂಪಾಗಿತ್ತು.

ಮರಿಯನ್ನು ನಾಳೆಯಿಂದ ಸೇತುವೆಯಾಚೆ ಹುಲ್ಲು ಮೇಯಲು ಕರೆದುಕೊಂಡು ಹೋಗಬೇಕು, ಹಗ್ಗಕ್ಕೆ ಬರದಿದ್ದರೆ ಆ ಬಸ್ಸು ಲಾರಿಗಳ ನಡುವೆ ಹೇಗೆ ದಾಟಿಸುವುದು, ಇದಕ್ಕೆ ಕಲಿಸಲು ಇನ್ನೂ ಒಂದು ತಿಂಗಳಾದರೂ ಬೇಕು ಎಂದು ಅಣ್ಣ ಅಲವತ್ತುಕೊಂಡ. ಆಗ ದರ್ಜಿಯ ಬಾಯಿಂದ ಆ ಮಾತು ಬಿತ್ತು.

"ಒಂದು ಮರಿಗೆ ನಡೆಯೋದು ಕಲಿಸೋಕೆ ಒಂದು ತಿಂಗಳು ಯಾಕಣ್ಣ? ನನ್ನ ಕೈಗೆ ಕೊಟ್ಟಿದ್ರೆ ಒಂದೇ ದಿನ ಸಾಕಿತ್ತು."

ಅವನಿಗೆ ಕುದುರೆಯ ವಿದ್ಯೆ ಗೊತ್ತಿತ್ತೆಂದಲ್ಲ. ಕುದುರೆ ಕಂಡರೆ ನಾಲ್ಕು ಮಾರು ದೂರ ಸರಿಯುವ ಜಾತಿಯವನು ಅವನು. ಆದರೆ ಸಿಟ್ಟು ಬೇರೆ ಕಡೆಯದಿತ್ತು. ಆ ಮನೆಗೆ ಬೀದಿಯ ಕಡೆ ಒಂದು ಕೋಣೆಯಿತ್ತು. ಎರಡು ಕಿಟಕಿ, ತಣ್ಣನೆಯ ಕಲ್ಲು ನೆಲ, ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು. ಅಣ್ಣ ಅದರ ತುಂಬ ಮುರಿದ ಚಕ್ರ, ಹಳೆಯ ಲಗಾಮು, ಗಾಜೊಡೆದ ದೀಪಗಳನ್ನು ತುಂಬಿಟ್ಟಿದ್ದ. ದರ್ಜಿಯ ಹೊಲಿಗೆ ಮೆಷಿನ್ ಇದ್ದದ್ದು ಬೀದಿ ಬಾಗಿಲಿನಿಂದ ಹಿತ್ತಲಿಗೆ ಹೋಗುವ ಪ್ಯಾಸೇಜಿನಲ್ಲಿ. ಅತ್ತಿಗೆ ಬಕೆಟ್ಟು ಹಿಡಿದು ಬಂದರೆ ಅವನು ಏಳಬೇಕು, ಸ್ಟೂಲು ಎತ್ತಬೇಕು. ಎದೆಯಳತೆ ಕೊಡಲು ಬಂದ ಗಿರಾಕಿ ಅವಳು ದಾಟಿ ಹೋಗುವ ತನಕ ಎರಡೂ ಕೈ ಎತ್ತಿಕೊಂಡು ಗೋಡೆಗೆ ಒರಗಿ ನಿಲ್ಲಬೇಕು.

ಮೊನ್ನೆ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಬಂದು ಅವನ ಹೊಲಿಗೆ, ಕಾಜ ಎಲ್ಲ ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದ್ದರು. ನರ್ಸುಗಳೆಲ್ಲರ ಸಮವಸ್ತ್ರ ಅವನಿಗೇ ಕೊಡುವುದಾಗಿ ಹೇಳಿದ್ದರು. ಒಂದೇ ಷರತ್ತು. ಹೆಣ್ಣುಮಕ್ಕಳು ನೆಮ್ಮದಿಯಾಗಿ ಅಳತೆ ಕೊಡಲು, ತೊಟ್ಟು ನೋಡಲು, ಬಾಗಿಲಿರುವ ಒಂದು ಕೋಣೆ ಇರಬೇಕು. ಇವತ್ತು ಸಂಜೆ ಡ್ಯೂಟಿ ಮುಗಿಸಿಕೊಂಡು ಕೋಣೆ ನೋಡಲು ಬರುತ್ತೇನೆ ಎಂದಿದ್ದರು. ದರ್ಜಿ ಅಂದಿನಿಂದ ಅಣ್ಣನನ್ನು ಕೇಳುತ್ತಲೇ ಇದ್ದ, ಅಣ್ಣ 'ನೋಡೋಣ' ಎನ್ನುತ್ತಲೇ ಇದ್ದ.

ಈಗ ಅಣ್ಣ ಕೈ ತೊಳೆದು ಬಂದು ತಮ್ಮನ ಮುಂದೆ ನಿಂತ. "ಸರಿ. ಸಂಜೆ ನಾನು ಬರೋ ಹೊತ್ತಿಗೆ ಮರಿ ನಿನ್ನ ಜೊತೆ ಹಿತ್ತಲಿಂದ ಬೇಕರಿ ತನಕ ಹೋಗಿ ವಾಪಸ್ ಬರ್ಬೇಕು. ಹಗ್ಗ ಬಿಗಿ ಆಗ್ಬಾರ್ದು. ಬಂದ್ರೆ ಆ ಕ್ಷಣದಿಂದ ಮುಂದಿನ ಕೋಣೆ ನಿಂದು. ಬರದಿದ್ರೆ ಕೋಣೆ ಅನ್ನೋ ಮಾತು ಈ ಮನೇಲಿ ಇನ್ನೊಂದ್ಸಲ ಎತ್ಬಾರ್ದು."

ಅತ್ತಿಗೆ ಇಬ್ಬರ ಮುಖವನ್ನೂ ನೋಡಿದಳು. ಮೈದುನನ ತಟ್ಟೆಗೆ ಇನ್ನಷ್ಟು ಬಡಿಸಿದಳು, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಬಡಿಸುವ ಹಾಗೆ. ಎಲ್ಲಿಂದ ಶುರು ಮಾಡಬೇಕೆಂದು ದರ್ಜಿ ಕೇಳಿದ್ದಕ್ಕೆ, ಒಂದೇ ದಿನದ ವಿದ್ಯೆ ನಿನಗೇ ಗೊತ್ತಲ್ಲಪ್ಪ ಎಂದು ಹೇಳಿ ಅಣ್ಣ ತಾಯಿ ಕುದುರೆಯನ್ನು ಸಾರೋಟಿಗೆ ಹೂಡಿ, ಹಿತ್ತಲ ಪಕ್ಕದ ಗೇಟಿನಿಂದ ಹೊರಟೇಬಿಟ್ಟ.

ಮೊದಲ ತೊಡಕು ಮೂತಿಪಟ್ಟಿಯದು. ಹಗ್ಗ ಸಿಕ್ಕಿಸಲು ಮರಿಯ ಮೂತಿಗೂ ತಲೆಗೂ ಸೇರಿಸಿ ತೊಡಿಸುವ ಒಂದು ಪಟ್ಟಿ ಬೇಕು. ಮನೆಯಲ್ಲಿದ್ದ ಚರ್ಮದ ಪಟ್ಟಿಗಳೆಲ್ಲ ದೊಡ್ಡ ಕುದುರೆಯವು. ಅದರೊಳಗೆ ಮರಿಯ ತಲೆಯ ಜೊತೆ ದರ್ಜಿಯ ತಲೆಯೂ ಹಿಡಿಯುತ್ತಿತ್ತು. ಆದರೆ ಇದರಿಂದ ದರ್ಜಿಗೆ ಬೇಸರವಾಗಲಿಲ್ಲ, ಖುಷಿಯೇ ಆಯಿತು. ಹೊಲಿಯುವ ಕೆಲಸ ತಾನೇ? ನೀರಿಗೆ ಬಿದ್ದ ಮೀನಿನಂತೆ ಅವನು ಅಳತೆ ಟೇಪು ಹಿಡಿದು ಹಿತ್ತಲಿಗೆ ನಡೆದ. ಮೂತಿಯ ಸುತ್ತಳತೆ, ಕೆನ್ನೆಯ ಉದ್ದ, ಕಿವಿಯ ಹಿಂದಿನ ಅಗಲ ಎಲ್ಲ ತೆಗೆದುಕೊಂಡ. ನಡುವೆ ಮರಿ ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಅಗಿಯಿತು. ಮೊದಲ ಕೆಲವು ಅಂಗುಲಗಳು ಅದರ ಹೊಟ್ಟೆ ಸೇರಿದ್ದರಿಂದ ಉಳಿದದ್ದನ್ನು ಕೂಡಿ ಕಳೆದು ಲೆಕ್ಕ ಹಾಕಬೇಕಾಯಿತು.

ದಪ್ಪ ಕ್ಯಾನ್ವಾಸ್ ಬಟ್ಟೆಯನ್ನು ಎರಡು ಪದರ ಮಾಡಿ, ಒಳಗೆ ಕೆನ್ನೆಗೆ ತರಚಬಾರದೆಂದು ಮೆತ್ತನೆಯ ಲೈನಿಂಗ್ ಕೊಟ್ಟು, ಅಂಚಿಗೆ ಜೋಡಿ ಹೊಲಿಗೆ ಹಾಕಿ, ಹಳೆಯ ಬೆಲ್ಟಿನ ಬಕ್ಕಲ್ ಕೂರಿಸಿದ. ಅಂಥ ಮೂತಿಪಟ್ಟಿ ಯಾವ ರಾಜನ ಕುದುರೆಗೂ ಇದ್ದಿರಲಾರದು. ಅತ್ತಿಗೆ ಕೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ, ಆದರೆ ಸ್ವಲ್ಪ ಸಡಿಲ ಅಲ್ಲವೇ ಎಂದಳು.

"ಬೆಳೆಯೋ ಮಗು ಅತ್ತಿಗೆ," ಎಂದ ದರ್ಜಿ.

ಅದು ಅವನ ತಪ್ಪಲ್ಲ, ಕಸುಬಿನ ತಪ್ಪು. ಮಕ್ಕಳ ಬಟ್ಟೆ ಹೊಲಿಸಲು ಬಂದ ಯಾವ ತಾಯಿಯೂ ಇಷ್ಟು ವರ್ಷಗಳಲ್ಲಿ ಅವನಿಗೆ ಮಗುವಿನ ಸರಿಯಾದ ಅಳತೆಗೆ ಹೊಲಿ ಎಂದು ಹೇಳಿದ್ದಿಲ್ಲ. ಬರುವ ವರ್ಷಕ್ಕೂ ಆಗಬೇಕು, ಉದ್ದ ಬಿಡಿ, ಒಳಗೆ ಬಟ್ಟೆ ಬಿಡಿ ಎಂದೇ ಎಲ್ಲರೂ ಹೇಳುವುದು. ಚಿಕ್ಕ ಮೈ ಕಂಡರೆ ಅವನ ಕತ್ತರಿ ತಾನಾಗಿಯೇ ಎರಡು ಬೆರಳು ಆಚೆ ಸರಿಯುತ್ತಿತ್ತು. ಹಾಗಾಗಿ ಅವನು ಹೊಲಿದದ್ದು ಮುಂದಿನ ವರ್ಷದ ಕುದುರೆಗೆ. ಅದನ್ನು ಈ ವರ್ಷದ ಮರಿಗೆ ತೊಡಿಸಿ, ಹಗ್ಗ ಸಿಕ್ಕಿಸಿ, ಕಾಲು ಊರಿ, ಉಸಿರು ಬಿಗಿಹಿಡಿದು ಎಳೆದ. ಮರಿ ವಿನಯದಿಂದ ತಲೆ ತಗ್ಗಿಸಿತು. ಪಟ್ಟಿ, ಬಕ್ಕಲ್, ಲೈನಿಂಗ್ ಸಮೇತ ಇಡಿಯಾಗಿ ಜಾರಿ ದರ್ಜಿಯ ಕೈಗೆ ಬಂತು, ದರ್ಜಿ ಹಿಮ್ಮುಖವಾಗಿ ನೀರಿನ ತೊಟ್ಟಿಯೊಳಗೆ ಹೋಗಿ ಕೂತ.

ತೊಟ್ಟಿಯ ಸದ್ದು ಬೀದಿಗೆ ಕೇಳಿಸಿತು. ಬೀದಿಗೆ ಅಷ್ಟೇ ಬೇಕಾಗಿತ್ತು. ಅವನು ಒದ್ದೆ ಬಟ್ಟೆಯಲ್ಲೇ ಕೂತು ಪಟ್ಟಿಯನ್ನು ಒಳಗೆ ಹಿಡಿದು ಟಾಕಾ ಹಾಕಿ ಮರಿಗೆ ಮತ್ತೆ ತೊಡಿಸುವಷ್ಟರಲ್ಲಿ ಕಾಂಪೌಂಡಿನ ಮೇಲೆ ಎರಡು ತಲೆಗಳು ಎದ್ದಿದ್ದವು. ಒಂದು ಪಕ್ಕದ ಮನೆಯ ಮೇಷ್ಟ್ರದು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಎದುರಿಗೆ ಯಾರಾದರೂ ತಪ್ಪು ಮಾಡುತ್ತಿದ್ದರೆ ಅವರಿಗೆ ಹಸಿವೆ ನಿದ್ದೆ ಯಾವುದೂ ಬೇಕಿರಲಿಲ್ಲ. ಇನ್ನೊಂದು ಕಂಡಕ್ಟರದು. ಅವರೂ ಬಸ್ಸಿನ ಕೆಲಸದಿಂದ ನಿವೃತ್ತರು, ಆದರೆ ಸೀಟಿ ಮಾತ್ರ ಇನ್ನೂ ಕೊರಳಲ್ಲಿತ್ತು. ಇಬ್ಬರೂ ಎರಡು ವಾರದಿಂದ ಮಲಗಿರಲಿಲ್ಲವಾದ್ದರಿಂದ, ಮರಿಯ ವಿದ್ಯಾಭ್ಯಾಸದಲ್ಲಿ ತಮಗೂ ಪಾಲಿದೆ ಎಂದು ಭಾವಿಸಿ ಒಳಗೇ ಬಂದುಬಿಟ್ಟರು.

ದರ್ಜಿ ಎಳೆದ. ಈಗ ಪಟ್ಟಿ ಮರಿಯ ತಲೆಗೆ ಬಿಗಿಯಾಗಿ ಕೂತಿತ್ತು. ಮರಿ ನಾಲ್ಕೂ ಕಾಲನ್ನು ನೆಲಕ್ಕೆ ನೆಟ್ಟು, ಹಿಂಭಾಗದ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ನಿಂತಿತು. ಅವನು ಎಳೆದಷ್ಟೂ ಅದು ಹಿಂದೆ ವಾಲಿತು. ಹಗ್ಗ ಜಗ್ಗುವ ಆಟದಲ್ಲಿ ನಾಲ್ಕು ಕಾಲಿನವರ ಎದುರು ಎರಡು ಕಾಲಿನವರು ಗೆದ್ದದ್ದುಂಟೆ?

ಮೇಷ್ಟ್ರು ಇದನ್ನು ಸ್ವಲ್ಪ ಹೊತ್ತು ನೋಡಿ, ಕನ್ನಡಕ ಒರೆಸಿಕೊಂಡರು. "ಟೇಲರ್ರೇ, ಇದು ತುಂಬ ಸರಳ. ನೀವು ಮುಂದಕ್ಕೆ ಎಳೆದ್ರೆ ಅದು ಹಿಂದಕ್ಕೆ ಹೋಗತ್ತೆ. ಆದ್ದರಿಂದ ಹಿಂದಕ್ಕೆ ತಳ್ಳಿ. ಮುಂದಕ್ಕೆ ಬರಲೇಬೇಕು."

ತರ್ಕದಲ್ಲಿ ದೋಷವಿರಲಿಲ್ಲ. ದರ್ಜಿ ಮರಿಯ ಎದೆಗೆ ಎರಡೂ ಅಂಗೈ ಕೊಟ್ಟು ಹಿಂದಕ್ಕೆ ತಳ್ಳಿದ. ಮರಿ ಒಂದು ಹೆಜ್ಜೆ ಹಿಂದೆ ಹೋಯಿತು. ಇನ್ನೂ ತಳ್ಳಿ ಎಂದರು ಮೇಷ್ಟ್ರು. ಅವನು ತಳ್ಳಿದ, ಅದು ಹೋಯಿತು. ಹೀಗೆಯೇ ಇಡೀ ಹಿತ್ತಲನ್ನು ಹಿಮ್ಮುಖವಾಗಿ ದಾಟಿ, ಅತ್ತಿಗೆ ಒಣಹಾಕಿದ್ದ ಬಟ್ಟೆಗಳ ನಡುವೆ ಹೊಕ್ಕು, ಬೆನ್ನ ಮೇಲೆ ಒಂದು ಹೊದಿಕೆ ಹೊದ್ದುಕೊಂಡು ಆಚೆ ಬದಿಯ ಗೋಡೆಗೆ ತಾಗಿ ನಿಂತಿತು. ಪಾಠ ಸರಿಯಾಗಿಯೇ ಇದೆ, ವಿದ್ಯಾರ್ಥಿಗೆ ಗಮನ ಸಾಲದು ಎಂದು ಮೇಷ್ಟ್ರು ತೀರ್ಮಾನ ಕೊಟ್ಟರು. ಯಾವ ವಿದ್ಯಾರ್ಥಿ ಎಂದು ಅವರು ಬಿಡಿಸಿ ಹೇಳಲಿಲ್ಲ, ಆದರೆ ನೋಡಿದ್ದು ದರ್ಜಿಯ ಕಡೆಗೆ.

ಈಗ ಕಂಡಕ್ಟರ್ ಮುಂದೆ ಬಂದರು. ಯಾವ ಗಾಡಿಯಾದರೂ ಸರಿ, ಸಿಗ್ನಲ್ ಇಲ್ಲದೆ ಹೊರಡುವುದಿಲ್ಲ ಎಂಬುದು ಅವರ ಅನುಭವ. ಎರಡು ಸೀಟಿ ಹೊಡೆದರೆ ಹೊರಡು ಎಂದರ್ಥ, ಒಂದು ಹೊಡೆದರೆ ನಿಲ್ಲು. ಬಸ್ಸಿನಷ್ಟು ಜಡವಾದ ವಸ್ತುವಿಗೇ ಇದು ಅರ್ಥವಾಗುವುದಾದರೆ ಜೀವವಿರುವ ಪ್ರಾಣಿಗೆ ಆಗದೆ ಇರುತ್ತದೆಯೇ ಎಂದು ಅವರು ಮರಿಯ ಹಿಂದೆ ಹೋಗಿ ನಿಂತರು. ದರ್ಜಿ ಮುನ್ನೆಚ್ಚರಿಕೆಯಿಂದ ಹಗ್ಗವನ್ನು ದಾರದ ಉಂಡೆ ಸುತ್ತುವಂತೆ ಕೈಗೆ ಚೆನ್ನಾಗಿ ಸುತ್ತಿಕೊಂಡ. ಅದೇ ಹೊತ್ತಿಗೆ ಮೂಲೆಯ ಬೇಕರಿಯ ಅಕ್ಕ, ಇಲ್ಲಿ ಏನೋ ನಡೆಯುತ್ತಿದೆ ಎಂದು ತಿಳಿದು, ಬುಟ್ಟಿಯಲ್ಲಿ ಬಿಸಿ ಬನ್ನುಗಳನ್ನು ಇಟ್ಟುಕೊಂಡು ಪಕ್ಕದ ಗೇಟು ತೆರೆದಳು. ಹೊಟ್ಟೆಗೆ ಕೊಟ್ಟರೆ ಯಾರು ಬೇಕಾದರೂ ಹಿಂದೆ ಬರುತ್ತಾರೆ ಎಂಬುದು ಅವಳ ಮತ.

ಕಂಡಕ್ಟರ್ ಸೀಟಿ ಊದಿದರು.

ಆಮೇಲೆ ನಡೆದದ್ದನ್ನು ಬೀದಿಯ ಜನ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಒಟ್ಟಿನಲ್ಲಿ ಮರಿ ಬಿಲ್ಲಿನಿಂದ ಬಿಟ್ಟ ಬಾಣವಾಯಿತು. ಹೊದಿಕೆ ಮೇಷ್ಟ್ರ ಮೇಲೆ ಬಿತ್ತು, ಬುಟ್ಟಿ ಅಕ್ಕನ ಕೈಯಿಂದ ಹಾರಿತು, ಮರಿ ಒಂದು ಬನ್ನು ಬಾಯಿಗೆ ಹಾಕಿಕೊಂಡು ಅದರ ಮೂಲಸ್ಥಾನ ಹುಡುಕುತ್ತ ಬೀದಿಗೆ ಇಳಿಯಿತು. ಹಗ್ಗ ಕೈಗೆ ಸುತ್ತಿಕೊಂಡಿದ್ದ ದರ್ಜಿಗೆ ಹಿಂದೆ ಹೋಗದೆ ಬೇರೆ ದಾರಿ ಇರಲಿಲ್ಲ. ಒಂದು ಚಪ್ಪಲಿ ಗೇಟಿನಲ್ಲೇ ಉಳಿಯಿತು. ಹಿಂದಿನಿಂದ ಕಂಡಕ್ಟರ್ ನಿಲ್ಲಿಸಲೆಂದು ಒಂದೊಂದೇ ಸೀಟಿ ಊದುತ್ತ ಓಡಿಬರುತ್ತಿದ್ದರು. ಮರಿಗೆ ಹೊರಡುವ ಪಾಠ ಮಾತ್ರ ಆಗಿತ್ತು, ನಿಲ್ಲುವ ಪಾಠ ಆಗಿರಲಿಲ್ಲ. ಪ್ರತಿ ಸೀಟಿಗೂ ವೇಗ ಹೆಚ್ಚಿತು. ದಾರಿಯಲ್ಲಿ ಸೈಕಲ್ ರಿಪೇರಿಯವನು ಎದ್ದು ನಿಂತು, ಟೇಲರ್ರೇ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ದರ್ಜಿ ಓಡುತ್ತಲೇ, ಇದ್ದ ಮಾನವನ್ನೆಲ್ಲ ಒಟ್ಟುಗೂಡಿಸಿ, ಇಲ್ಲೇ ಬೇಕರಿಗೆ ಎಂದ.

ಬೇಕರಿಯಲ್ಲಿ ಮರಿ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಕುತ್ತಿಗೆ ಚಾಚಿ ಒಂದು ತಟ್ಟೆ ಬನ್ನನ್ನು ನಿಧಾನವಾಗಿ, ರುಚಿ ನೋಡುತ್ತ ಮುಗಿಸಿತು. ಯಾರು ಎಷ್ಟು ಎಳೆದರೂ ಅಲುಗಲಿಲ್ಲ. ತಟ್ಟೆ ಬರಿದಾದ ಮೇಲೆ ಬಾಯಾರಿಕೆ ನೆನಪಾಗಿ ತಾನೇ ತಿರುಗಿ, ದರ್ಜಿಯನ್ನು ಎಳೆದುಕೊಂಡು ಮನೆಗೆ ಬಂದು ತೊಟ್ಟಿಯ ನೀರು ಕುಡಿಯಿತು. ನೋಡಿದವರಿಗೆ ಯಾರು ಯಾರಿಗೆ ಹಗ್ಗ ಕಟ್ಟಿ ನಡೆಸುತ್ತಿದ್ದಾರೆ ಎಂಬ ಅನುಮಾನವೇ ಬರಲಿಲ್ಲ.

ಬೇಕರಿ ತನಕ ಹೋಗಿ ವಾಪಸ್ ಬಂದದ್ದಾಯಿತಲ್ಲ, ಷರತ್ತು ಪೂರೈಸಿದಂತೆಯೇ ಎಂದು ಕಂಡಕ್ಟರ್ ಏದುಸಿರಿನಲ್ಲಿ ಸಮಾಧಾನ ಹೇಳಿದರು. ಹಗ್ಗ ಬಿಗಿಯಾಗಬಾರದು ಎಂದೂ ಇದೆ ಎಂದ ದರ್ಜಿ, ತರಚಿದ ಮೊಣಕೈ ನೋಡಿಕೊಳ್ಳುತ್ತ. ಮೇಷ್ಟ್ರು ಹೊದಿಕೆಯನ್ನು ನೀಟಾಗಿ ಮಡಿಸುತ್ತ, ಹಗ್ಗ ಬಿಗಿ ಮಾಡಿದ್ದು ಮರಿಯೇ ಹೊರತು ನೀವಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಚರ್ಚೆಯ ವಿಷಯ ಎಂದರು. ಬೇಕರಿಯ ಅಕ್ಕ ತನ್ನ ಬನ್ನಿನ ವಿಷಯ ಎತ್ತಿದಳು. ಅತ್ತಿಗೆಗೆ ಸಾಕಾಯಿತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, ಎಲ್ಲರೂ ದಯವಿಟ್ಟು ಮನೆಗೆ ಹೋಗಿ ಸ್ವಲ್ಪ ಮಲಗಿ ಎಂದು ಹೇಳಿ ಗೇಟು ಹಾಕಿದಳು.

ದರ್ಜಿಗೆ ಅಳು ಬರುವಂತಾಯಿತು. ಸಂಜೆ ಹೆಡ್ ನರ್ಸ್ ಬರುತ್ತಾರೆ. ಅವರನ್ನು ಎಲ್ಲಿ ನಿಲ್ಲಿಸಿ ಏನೆಂದು ಹೇಳುವುದು? ಇಷ್ಟು ವರ್ಷಕ್ಕೆ ಮೊದಲ ಸಲ ಒಬ್ಬರು ಅವನ ಕೈಕೆಲಸವನ್ನು ಕೈಕೆಲಸವೆಂದು ನೋಡಿದ್ದರು. ಹರಿದ ಜೇಬು, ಉದುರಿದ ಗುಂಡಿ, ಗಿಡ್ಡ ಮಾಡಬೇಕಾದ ಪ್ಯಾಂಟುಗಳಲ್ಲೇ ಜೀವ ಸವೆಸಿದವನಿಗೆ ಸಾಲಾಗಿ ಬಿಳಿ ಸಮವಸ್ತ್ರ ಹೊಲಿದು ಇಸ್ತ್ರಿ ಮಾಡಿ ತೂಗುಹಾಕುವ ಆಸೆ ಎಷ್ಟಿರುತ್ತದೆ ಎಂದು ಕುದುರೆಯವರಿಗೆ ಹೇಗೆ ತಿಳಿಯಬೇಕು. ಕೊನೆಯದಾಗಿ ಒಮ್ಮೆ ಆ ಕೋಣೆಯನ್ನಾದರೂ ನೋಡಿ ಬರೋಣವೆಂದು ಅವನು ಮರಿಗೆ ಬೆನ್ನು ಹಾಕಿ, ತಲೆ ತಗ್ಗಿಸಿಕೊಂಡು, ಪ್ಯಾಸೇಜು ದಾಟಿ ಒಳಗೆ ನಡೆದ. ಮುರಿದ ಚಕ್ರವೊಂದರ ಮೇಲೆ ಕೂತು ಕಣ್ಣು ಮುಚ್ಚಿದ.

ಕತ್ತಿನ ಮೇಲೆ ಯಾರೋ ಬಿಸಿಯುಸಿರು ಬಿಟ್ಟರು.

ತಿರುಗಿ ನೋಡಿದರೆ ಮರಿ. ಹಗ್ಗದ ತುದಿ ಇನ್ನೂ ತನ್ನ ಕೈಯಲ್ಲೇ ಇದೆ ಎಂಬುದೂ ಅವನಿಗೆ ಮರೆತುಹೋಗಿತ್ತು. ಹಿತ್ತಲಿಂದ ಇಲ್ಲಿಯವರೆಗೆ ಅದು ಅವನ ಹಿಂದೆ ಹಿಂದೆ ನಡೆದು ಬಂದಿತ್ತು, ಹಗ್ಗ ನೆಲಕ್ಕೆ ಜೋತುಬಿದ್ದಿತ್ತು. ಅವನು ಎಳೆದಿರಲಿಲ್ಲ, ಏಕೆಂದರೆ ಎಳೆಯಬೇಕೆಂಬ ಉತ್ಸಾಹವೇ ಅವನಲ್ಲಿ ಉಳಿದಿರಲಿಲ್ಲ.

ದರ್ಜಿ ಮೆಲ್ಲಗೆ ಎದ್ದ. ಮರಿಯನ್ನು ನೋಡದೆ ಹಿತ್ತಲಿಗೆ ನಡೆದ. ಅದೂ ಬಂತು. ನಡುವೆ ಕುತೂಹಲ ತಡೆಯಲಾರದೆ ತಿರುಗಿ ನೋಡಿದ, ನಿಂತಿತು. ಮತ್ತೆ ಬೆನ್ನು ಹಾಕಿದ, ಬಂತು. ಇದಿಷ್ಟೇ ಗುಟ್ಟು. ಎಳೆಯಬಾರದು, ನೋಡಬಾರದು, ಬದುಕಿನಲ್ಲಿ ಆಸೆಯನ್ನೆಲ್ಲ ಬಿಟ್ಟವನ ಹಾಗೆ ಭುಜ ಇಳಿಬಿಟ್ಟುಕೊಂಡು ನಡೆಯಬೇಕು. ಆ ನಡಿಗೆ ದರ್ಜಿಗೆ ಹುಟ್ಟಿನಿಂದಲೇ ಬಂದಿತ್ತು.

ಮಧ್ಯಾಹ್ನವಿಡೀ ಅಭ್ಯಾಸ ನಡೆಯಿತು. ಹಿತ್ತಲಲ್ಲಿ ಬಿಸಿಲು, ನೊಣ, ಮೇಲಾಗಿ ಕಾಂಪೌಂಡಿನ ಮೇಲೆ ಆಗಾಗ ಏಳುವ ತಲೆಗಳು. ಹಾಗಾಗಿ ಅವನು ಮರಿಯನ್ನು ಹಿತ್ತಲಿಂದ ಮುಂದಿನ ಕೋಣೆಗೆ, ಕೋಣೆಯಿಂದ ಹಿತ್ತಲಿಗೆ ನಡೆಸಿದ. ಪ್ರತಿ ಸಲ ಕೋಣೆ ಮುಟ್ಟಿದಾಗ ಒಂದು ಹಿಡಿ ಹುರುಳಿ ಕೊಟ್ಟು, ಕಿವಿಯ ಹಿಂದೆ ಕೆರೆದು, ಜಾಣ ಮರಿ ಎಂದ. ಮರಿ ಆ ತಣ್ಣನೆಯ ಕಲ್ಲು ನೆಲದ ಮೇಲೆ ನಿಂತು ಕಣ್ಣು ಅರೆ ಮುಚ್ಚುತ್ತಿತ್ತು. ಅತ್ತಿಗೆ ಅವರು ದಾಟುವಾಗಲೆಲ್ಲ ಸ್ಟೂಲು ಎತ್ತಿ ಹಿಡಿದು ನಗುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ದರ್ಜಿ ಧೈರ್ಯ ಮಾಡಿ ಬೀದಿಗೂ ಒಮ್ಮೆ ಕರೆದೊಯ್ದು ತಂದ. ಅಪ್ಪನ ಹಿಂದೆ ಮಗಳು ಬರುವಂತೆ ಮರಿ ಬಂತು.

ಸಂಜೆ ಅಣ್ಣ ಬಂದ. ಸುದ್ದಿ ಹೇಗೋ ಹರಡಿ ಬೀದಿಯ ಎರಡೂ ಬದಿ ಜನ ನಿಂತಿದ್ದರು. ಕಂಡಕ್ಟರರ ಸೀಟಿಯನ್ನು ಅತ್ತಿಗೆ ಮೊದಲೇ ಇಸಿದುಕೊಂಡಿದ್ದಳು. ದರ್ಜಿ ಹಗ್ಗವನ್ನು ಎರಡು ಬೆರಳಿನಲ್ಲಿ ಹಿಡಿದು, ಸಾಲ ತೀರಿಸಲಾಗದವನ ಮುಖ ಮಾಡಿಕೊಂಡು ಹೊರಟ. ಮರಿ ಹೊರಟಿತು. ಬೇಕರಿ ಮುಟ್ಟಿದರು. ಅಕ್ಕ ಬನ್ನಿನ ತಟ್ಟೆಗಳ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಮರಿ ಅತ್ತ ಕಣ್ಣು ಹಾಯಿಸಿಯೂ ನೋಡಲಿಲ್ಲ. ತಿರುಗಿ ಬಂದರು. ಹಗ್ಗ ಒಂದು ಸಲವೂ ಬಿಗಿಯಾಗಲಿಲ್ಲ. ಮೇಷ್ಟ್ರು, ತಾವು ಬೆಳಿಗ್ಗೆ ಹಾಕಿಕೊಟ್ಟ ತಳಪಾಯ ಎಂದು ಪಕ್ಕದವರಿಗೆ ವಿವರಿಸಿದರು.

ಅಣ್ಣನ ಕಣ್ಣು ಒದ್ದೆಯಾಯಿತು. ಅವನು ತಮ್ಮನ ಬೆನ್ನು ತಟ್ಟಿ, ಕೊಟ್ಟ ಮಾತು ಕೊಟ್ಟದ್ದೇ ಎಂದು ಆ ಕ್ಷಣವೇ ಕೋಣೆ ಖಾಲಿ ಮಾಡಲು ಶುರು ಮಾಡಿದ. ಚಕ್ರಗಳು ಉರುಳಿ ಹಿತ್ತಲು ಸೇರಿದವು. ಕಂಡಕ್ಟರ್ ಮೂಲೆ ಗುಡಿಸಿದರು, ಅಕ್ಕ ಕಿಟಕಿ ಒರೆಸಿದಳು, ಅತ್ತಿಗೆ ನೆಲ ಸಾರಿಸಿದಳು. ಹೊಲಿಗೆ ಮೆಷಿನ್ ಕಿಟಕಿಯ ಬಳಿ ಬಂದು ಕೂತಿತು. ದರ್ಜಿ ಬಟ್ಟೆಯ ಥಾನುಗಳನ್ನು ಗೋಡೆಗೆ ಒರಗಿಸಿಟ್ಟು, ಬಾಗಿಲನ್ನು ಒಮ್ಮೆ ಮುಚ್ಚಿ, ಚಿಲಕ ಹಾಕಿ, ತೆಗೆದ. ಮತ್ತೆ ಹಾಕಿ ತೆಗೆದ. ಸುಮ್ಮನೆ, ಆ ಸದ್ದು ಕೇಳಲು. ಅಷ್ಟು ಸುಖವಾಗಿ ಅವನು ಯಾವತ್ತೂ ಕೂತಿರಲಿಲ್ಲ.

ಹಿತ್ತಲಲ್ಲಿ ಅಣ್ಣ ಮರಿಯ ಹಗ್ಗ ಬಿಚ್ಚಿ, ತಾಯಿ ಕುದುರೆಯನ್ನು ಅದರ ಜಾಗದಲ್ಲಿ ಕಟ್ಟಿ, ನಡುವಿನ ಅಡ್ಡಬಿದಿರುಗಳನ್ನು ಎಳೆದ. ಮರಿ ಎಂದಿನಂತೆ ಒಮ್ಮೆ ಕೆನೆಯಿತು. ಮೇಷ್ಟ್ರು ಮುಖ ಕಿವುಚಿಕೊಂಡು, ರಾತ್ರಿಗೆ ಕಿವಿಗೆ ತುರುಕಲು ದರ್ಜಿಯ ಬಳಿ ಸ್ವಲ್ಪ ಹತ್ತಿ ಕೇಳಿದರು. ಅಷ್ಟರಲ್ಲಿ ಮರಿಗೆ ಏನು ತೋಚಿತೋ, ತಾಯಿಯ ಕಡೆ ನೋಡುವುದನ್ನು ಬಿಟ್ಟು ತಿರುಗಿ, ಭುಜ ಇಳಿಬಿಟ್ಟುಕೊಂಡು, ಯಾರೂ ಕರೆಯದೆ ಪ್ಯಾಸೇಜು ದಾಟಿ, ಮುಂದಿನ ಕೋಣೆಗೆ ಬಂತು. ಹುರುಳಿಗಾಗಿ ದರ್ಜಿಯ ಕೈ ಮೂಸಿತು. ಮೆಷಿನ್ನಿನ ಪಕ್ಕ ಕಾಲು ಮಡಚಿ, ಬಟ್ಟೆಯ ಥಾನಿಗೆ ತಲೆ ಆನಿಸಿ ಮಲಗಿತು.

ದರ್ಜಿ ಅದನ್ನು ಎಬ್ಬಿಸಿ, ಹಗ್ಗ ಕಟ್ಟಿ, ಹಿತ್ತಲಿಗೆ ಬಿಟ್ಟು ಬಂದ. ಅದು ಚಾಚೂ ತಪ್ಪದೆ ಅವನ ಹಿಂದೆ ಹೋಯಿತು. ಹಗ್ಗ ಬಿಚ್ಚಿದ ಮೇಲೆ ಚಾಚೂ ತಪ್ಪದೆ ಅವನ ಹಿಂದೆಯೇ ತಿರುಗಿ ಬಂದು ಮಲಗಿತು. ಇನ್ನೊಂದು ಸಲವೂ ಹಾಗೆಯೇ ಆಯಿತು. ಅಷ್ಟು ಗಟ್ಟಿಯಾಗಿ ಕಲಿಸಿದ ಪಾಠವನ್ನು ಮರೆಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಣ್ಣ, ಅತ್ತಿಗೆ, ಮೇಷ್ಟ್ರು, ಕಂಡಕ್ಟರ್, ಬೇಕರಿಯ ಅಕ್ಕ ಎಲ್ಲರೂ ಬಾಗಿಲಲ್ಲಿ ಸೇರಿದರು. ಮರಿ ಗೊರಕೆ ಹೊಡೆಯುತ್ತಿತ್ತು. ಎರಡು ವಾರಗಳ ನಂತರ ಬೀದಿ ಮೊದಲ ಸಲ ನಿಶ್ಶಬ್ದವಾಗಿತ್ತು. ಮರಿಯನ್ನು ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ.

ಸರಿಯಾಗಿ ಆಗ ಹೆಡ್ ನರ್ಸ್ ಬಂದರು. ದರ್ಜಿಗೆ ಜೀವ ಬಂದಂತಾಯಿತು. ಕೋಣೆ ಬೇಕೆಂದವರು ಅವರೇ. ಅವರು ಒಂದು ಮಾತು ಹೇಳಿದರೆ ಅಣ್ಣ ಮರಿಗೆ ಬೇರೆ ವ್ಯವಸ್ಥೆ ಮಾಡಲೇಬೇಕು. ಅವನು ಓಡಿ ಹೋಗಿ ಅವರನ್ನು ಕರೆತಂದು, ಕಿಟಕಿ, ಬಾಗಿಲು, ಚಿಲಕ ಎಲ್ಲ ತೋರಿಸಿದ. ಅವರು ಎಲ್ಲವನ್ನೂ ನೋಡಿ, ಕೊನೆಗೆ ಮರಿಯನ್ನು ನೋಡಿದರು. ಬಗ್ಗಿ ಅದರ ಉಸಿರು ಗಮನಿಸಿದರು.

"ಹಾಲು ಬಿಡಿಸ್ತಿದ್ದೀರಾ?"

"ಹೌದು ಸಿಸ್ಟರ್," ಎಂದ ಅಣ್ಣ, ಕೈ ಕಟ್ಟಿಕೊಂಡು.

"ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ಎರಡು ವಾರ, ಸಿಸ್ಟರ್."

ಹೆಡ್ ನರ್ಸ್ ಎದ್ದು ನಿಂತರು. ವಾರ್ಡಿನಲ್ಲಿ ರೋಗಿಯ ಸುತ್ತ ಗುಂಪುಗೂಡಿದ ನೆಂಟರಿಗೆ ಹೇಳುವ ದನಿಯಲ್ಲಿ, ಎಲ್ಲರೂ ಸದ್ದು ಮಾಡದೆ ಹೊರಗೆ ನಡೆಯಿರಿ ಎಂದರು. ಎಲ್ಲರೂ ನಡೆದರು, ದರ್ಜಿಯೂ ನಡೆದ. ಈ ಮೆಷಿನ್ ಇಲ್ಲಿದ್ದರೆ ಮಗು ಎಚ್ಚರಗೊಳ್ಳುತ್ತದೆ ಎಂದರು. ಅಣ್ಣನೂ ಕಂಡಕ್ಟರೂ ತುದಿಗಾಲಲ್ಲಿ ಮೆಷಿನ್ ಎತ್ತಿಕೊಂಡು ಬಂದು ಪ್ಯಾಸೇಜಿನಲ್ಲಿ ಇಟ್ಟರು. ಹೆಡ್ ನರ್ಸ್ ಕಿಟಕಿಯ ಒಂದು ರೆಕ್ಕೆ ಮುಚ್ಚಿ, ಹೊರಗೆ ಬಂದು, ಬಾಗಿಲನ್ನು ಒಂದಿಷ್ಟೂ ಸದ್ದಾಗದಂತೆ ಎಳೆದುಕೊಂಡರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದರ್ಜಿ ಪಿಸುಗುಟ್ಟುವ ದನಿಯಲ್ಲಿ, "ಸಿಸ್ಟರ್, ನಮ್ಮ ಸಮವಸ್ತ್ರದ ವಿಷಯ…" ಎಂದ.

"ಕೋಣೆ ತುಂಬ ಚೆನ್ನಾಗಿದೆ," ಎಂದು ಅವರೂ ಪಿಸುದನಿಯಲ್ಲೇ ಹೇಳಿದರು. "ಗಾಳಿ ಬೆಳಕು ಎಲ್ಲಾ ಇದೆ, ಮಗು ಒಳ್ಳೆ ಕಡೆ ಇದೆ. ನಿಮಗೂ ಅಂಥದ್ದೊಂದು ಕೋಣೆ ಆದ ತಕ್ಷಣ ನನಗೆ ಹೇಳಿ ಕಳಿಸಿ."

ಅವರು ಹೋದ ಮೇಲೆ ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಮಾತು ಕೊಟ್ಟಿದ್ದೇನೆ, ಕೋಣೆ ನಿನ್ನದೇ, ಅದು ಸ್ವಲ್ಪ ದೊಡ್ಡದಾಗುವ ತನಕ ಮಾತ್ರ ಎಂದು ಕಿವಿಯಲ್ಲಿ ಹೇಳಿದ. ದರ್ಜಿ ಸ್ಟೂಲು ಎಳೆದುಕೊಂಡು ಕೂತ. ಯಾರದೋ ಪ್ಯಾಂಟು ಗಿಡ್ಡ ಮಾಡುವುದು ಬಾಕಿಯಿತ್ತು. ಬಟ್ಟೆಯನ್ನು ಸೂಜಿಯ ಕೆಳಗೆ ಇಟ್ಟು, ಮೆಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟು ಒಮ್ಮೆ ತುಳಿದ.

ಅಡುಗೆಮನೆಯಿಂದ ಅತ್ತಿಗೆ, ಹಿತ್ತಲಿಂದ ಅಣ್ಣ, ಕಾಂಪೌಂಡಿನಾಚೆಯಿಂದ ಮೇಷ್ಟ್ರು, ಬೀದಿಯಿಂದ ಕಂಡಕ್ಟರ್, ಎಲ್ಲರೂ ಒಟ್ಟಿಗೆ ಶ್ ಎಂದರು. ದರ್ಜಿ ಕಾಲು ತೆಗೆದು, ಕೈಸೂಜಿಗೆ ದಾರ ಪೋಣಿಸಿಕೊಂಡ.